ಹವಾಮಾನ ಯಂತ್ರ ತಂದಾಯ್ತು, ಈಗ ಎಲ್ಲಿ ನಿಲ್ಲಿಸೋದು?

ಮನೆಗೆ ತರುವ ಹವಾಮಾನ ಕೇಂದ್ರದ ಡಬ್ಬಿಯ ಮೇಲೆ ಸಾಮಾನ್ಯವಾಗಿ ಒಂದೇ ಥರದ ಚಿತ್ರ ಇರುತ್ತದೆ. ಹಸಿರು ಹುಲ್ಲು, ಒಂದು ಕಂಬ, ಕಂಬದ ತುದಿಯಲ್ಲಿ ಎಲ್ಲವೂ ಒಟ್ಟಿಗೆ. ಮಳೆ ಹಿಡಿಯುವ ಆಲಿಕೆ, ಗಾಳಿಗೆ ಗಿರಗಿರ ತಿರುಗುವ ಬಟ್ಟಲುಗಳು, ಬಿಳಿ ತಟ್ಟೆಗಳ ಗೂಡಿನೊಳಗೆ ಥರ್ಮಾಮೀಟರ್, ಮೇಲೊಂದು ಪುಟ್ಟ ಸೋಲಾರ್ ಪ್ಯಾನೆಲ್. ನೋಡಿದರೆ ಅರ್ಧ ಗಂಟೆ ಕೆಲಸ ಅನ್ನಿಸುತ್ತದೆ. ಜೋಡಿಸೋದು ನಿಜಕ್ಕೂ ಅಷ್ಟೇ ಕೆಲಸ. ತಕರಾರು ಇರೋದು ಬೇರೆ ಕಡೆ. ಆ ಕಂಬದ ಮೇಲೆ ಕೂತ ಮೂರು ಉಪಕರಣಗಳಿಗೂ ಬೇಕಾದ ಜಾಗ ಬೇರೆ ಬೇರೆ. ಗಾಳಿಮಾಪಕಕ್ಕೆ ಎತ್ತರ ಬೇಕು, ಹತ್ತು ಮೀಟರ್ ಸಿಕ್ಕರೆ ಒಳ್ಳೆಯದು. ಮಳೆಮಾಪಕಕ್ಕೆ ನೆಲದ ಹತ್ತಿರ, ಗಾಳಿಯ ಹೊಡೆತ ಕಡಿಮೆ ಇರೋ ಜಾಗ ಬೇಕು. ಥರ್ಮಾಮೀಟರಿಗೆ ಆಳೆತ್ತರದಲ್ಲಿ, ಹುಲ್ಲು ಅಥವಾ ಮಣ್ಣಿನ ಮೇಲೆ, ಬಿಸಿಲು ತಾಗದ ಆದರೆ ಗಾಳಿ ಆಡುವ ಜಾಗ ಬೇಕು. ಮೂರನ್ನೂ ಒಂದೇ ಕಂಬಕ್ಕೆ ಕಟ್ಟಿದರೆ ಯಾವುದಾದರೂ ಒಂದಕ್ಕೆ ಅನ್ಯಾಯ ಆಗಲೇಬೇಕು.

ಹಾಗಾಗಿ ಕಂಬ ನೆಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನನಗೆ ನಿಜವಾಗಿ ಏನು ಗೊತ್ತಾಗಬೇಕು? ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರಿಗೆ, ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಮಳೆ ಮುಖ್ಯ. ವಿಜಯಪುರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಎಲೆ ಎಷ್ಟು ಹೊತ್ತು ಒದ್ದೆ ಇತ್ತು, ತೇವಾಂಶ ಎಷ್ಟಿತ್ತು ಅನ್ನೋದು ಮುಖ್ಯ, ಯಾಕಂದರೆ ಡೌನಿ ರೋಗ ಬರೋದು ಅದನ್ನೇ ನೋಡಿಕೊಂಡು. ಬೆಂಗಳೂರಿನ ಮನೆಯವರಿಗೆ ಬಹುಶಃ ಉಷ್ಣಾಂಶ, ಜೊತೆಗೆ ಮಳೆನೀರು ನೆಲದಡಿಯ ತೊಟ್ಟಿಗೆ ಎಷ್ಟು ಬಂತು ಅನ್ನೋ ಲೆಕ್ಕ. ಯಾವುದು ಮುಖ್ಯವೋ ಅದಕ್ಕೆ ಒಳ್ಳೆಯ ಜಾಗ ಕೊಡಿ. ಉಳಿದದ್ದು ಸುಮಾರಾಗಿ ಬಂದರೆ ಬರಲಿ. ಕೊಳ್ಳುವಾಗಲೂ ಇದೇ ಮಾತು. ಮಳೆಮಾಪಕ, ಗಾಳಿಮಾಪಕ, ಥರ್ಮಾಮೀಟರ್ ಮೂರನ್ನೂ ಬೇರೆ ಬೇರೆ ಇಡಲು ಬರುವ ಮಾದರಿ ಸ್ವಲ್ಪ ದುಬಾರಿ, ಆದರೆ ಆ ದುಡ್ಡು ದಂಡ ಅಲ್ಲ. ಬಣ್ಣದ ದೊಡ್ಡ ಪರದೆಗೆ ಜಾಸ್ತಿ ಕೊಡೋದಕ್ಕಿಂತ ಇದಕ್ಕೆ ಕೊಡೋದು ಮೇಲು.

ಮಳೆ: ಮೊದಲು ಇದನ್ನು ಸರಿ ಮಾಡಿ

ಮಳೆಯ ಲೆಕ್ಕ ಸರಳ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. 30x40 ಸೈಟಿನ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಸುಮಾರು 111 ಲೀಟರ್. ಒಂದು ಎಕರೆಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್ ಬಿದ್ದರೆ ಒಂದು ಲಕ್ಷ ಲೀಟರಿಗೂ ಮಿಕ್ಕು. ಪಾತ್ರೆ ದೊಡ್ಡದಾದರೆ ಮಳೆ ಜಾಸ್ತಿ ತೋರಿಸುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ, ಹಾಗೇನಿಲ್ಲ. ಬುಡದಿಂದ ಬಾಯಿಯವರೆಗೆ ಒಂದೇ ಅಗಲ ಇರೋ ಯಾವ ಪಾತ್ರೆ ಇಟ್ಟರೂ ನೀರಿನ ಎತ್ತರ ಒಂದೇ ಬರುತ್ತದೆ. ದೊಡ್ಡ ಬಾಯಿಗೆ ಜಾಸ್ತಿ ನೀರು ಬೀಳುತ್ತದೆ, ಆದರೆ ಅದು ಹರಡಿಕೊಳ್ಳುವ ಜಾಗವೂ ಅಷ್ಟೇ ದೊಡ್ಡದು. ಎಡವಟ್ಟಾಗೋದು ಆಲಿಕೆ ಒಂದು ಅಳತೆಯದು, ಅಳೆಯುವ ಗಾಜಿನ ಕೊಳವೆ ಇನ್ನೊಂದು ಮಾದರಿಯದು ಆದಾಗ. ಹಳೇ ಮಳೆಮಾಪಕದ ಗಾಜು ಒಡೆದು ಬೇರೆ ತಂದವರು ಇದನ್ನು ಒಮ್ಮೆ ನೋಡಿಕೊಳ್ಳಿ.

ಜಾಗದ ನಿಯಮ ಹೀಗೆ. ಸುತ್ತಲಿನ ಮರ, ಗೋಡೆ, ಮಾಡು ಇವೆಲ್ಲ ಮಳೆಮಾಪಕದ ಬಾಯಿಗಿಂತ ಎಷ್ಟು ಎತ್ತರ ಇವೆಯೋ, ಕನಿಷ್ಠ ಅದರ ಎರಡು ಪಟ್ಟು ದೂರದಲ್ಲಿ ಇರಬೇಕು. ನಾಲ್ಕು ಪಟ್ಟು ಸಿಕ್ಕರೆ ಇನ್ನೂ ಒಳ್ಳೆಯದು. ಮನೆ ಐದು ಮೀಟರ್ ಎತ್ತರ, ಮಾಪಕದ ಬಾಯಿ ನೆಲದಿಂದ ಅರ್ಧ ಮೀಟರ್ ಅಂತಿಟ್ಟುಕೊಳ್ಳಿ. ವ್ಯತ್ಯಾಸ ನಾಲ್ಕೂವರೆ ಮೀಟರ್, ಹಾಗಾಗಿ ಗೋಡೆಯಿಂದ ಒಂಬತ್ತು ಮೀಟರ್ ದೂರ. ಹದಿನೈದು ಮೀಟರಿನ ತೆಂಗಿನ ಮರ ಇದ್ದರೆ ಇದೇ ಲೆಕ್ಕದಲ್ಲಿ 29 ಮೀಟರ್. ಮಲೆನಾಡಿನ ಮನೆಯಲ್ಲಿ ಇಷ್ಟು ಬಯಲು ಎಲ್ಲಿ ಸಿಗಬೇಕು ಅಂತೀರಾ? ಸಿಗೋದು ಒಂದೇ ಕಡೆ, ಅಡಿಕೆ ಒಣಗಿಸುವ ಅಂಗಳದಲ್ಲಿ. ಮರದ ನೆರಳು ಬೀಳಬಾರದು ಅಂತಲೇ ಮಾಡಿದ ಜಾಗ ಅದು, ಮಳೆಮಾಪಕಕ್ಕೂ ಹೇಳಿ ಮಾಡಿಸಿದ ಹಾಗಿರುತ್ತದೆ. ಆದರೆ ಸಿಮೆಂಟಿನ ಅಂಗಳದ ನಟ್ಟ ನಡುವೆ ಇಡಬೇಡಿ. ಜೋರು ಮಳೆಯ ಹನಿ ಗಟ್ಟಿ ನೆಲಕ್ಕೆ ಬಡಿದು ಮೇಲೆ ಚಿಮ್ಮುತ್ತದೆ, ಆ ನೀರೂ ಆಲಿಕೆಗೆ ಸೇರುತ್ತದೆ. ಅಂಗಳದ ಅಂಚಿನ ಮಣ್ಣು ಅಥವಾ ಹುಲ್ಲಿನ ಜಾಗ ನೋಡಿ.

ಎಲ್ಲ ದಿಕ್ಕಿನ ಅಡ್ಡಿಯೂ ಒಂದೇ ಅಲ್ಲ. ನಮ್ಮಲ್ಲಿ ಮುಂಗಾರಿನ ಮಳೆ ಪಶ್ಚಿಮ, ನೈಋತ್ಯದ ಗಾಳಿಗೆ ಓರೆಯಾಗಿ ಬರುತ್ತದೆ. ಮಾಪಕದ ಪಶ್ಚಿಮಕ್ಕೆ ಗೋಡೆ ಇದ್ದರೆ ಜೂನ್, ಜುಲೈ ಪೂರ್ತಿ ಮಳೆ ಕಡಿಮೆ ತೋರಿಸುತ್ತದೆ. ಅದೇ ಗೋಡೆ ಪೂರ್ವಕ್ಕಿದ್ದರೆ ತೊಂದರೆ ಅಷ್ಟಿಲ್ಲ. ಎಲ್ಲ ಕಡೆಯೂ ಬಯಲು ಸಿಗದಿದ್ದಾಗ ಪಶ್ಚಿಮವನ್ನಾದರೂ ತೆರೆದಿಡಿ.

ಇನ್ನು ಎತ್ತರ. ಕೈಯಲ್ಲಿ ಅಳೆಯುವ ಹಳೇ ಸರ್ಕಾರಿ ಮಳೆಮಾಪಕದ ಬಾಯಿ ನೆಲದಿಂದ ಬರೀ 30 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ, ಸುಮಾರು ಒಂದು ಅಡಿ. ಕಾರಣ ಇದೆ. ಮೇಲೆ ಹೋದಷ್ಟೂ ಗಾಳಿ ಜಾಸ್ತಿ. ಗಾಳಿ ಆಲಿಕೆಗೆ ಬಡಿದು ಅದರ ಬಾಯಿಯ ಮೇಲಿಂದ ಎದ್ದು ಹಾರಿಹೋಗುವಾಗ ಸಣ್ಣ ಹನಿಗಳನ್ನೂ ಹೊತ್ತುಕೊಂಡು ಹೋಗುತ್ತದೆ. ಕಂಬದ ತುದಿಯ ಮಾಪಕ ಕಡಿಮೆ ಮಳೆ ತೋರಿಸೋದು ಇದಕ್ಕೇ. ಗಾಳಿ ಜೋರಿದ್ದ ದಿನ ನೂರಕ್ಕೆ ಹತ್ತು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿಯೇ ತಪ್ಪಿಹೋಗಬಹುದು. ಎಲ್ಲವೂ ಒಂದರಲ್ಲೇ ಇರೋ ಯಂತ್ರವನ್ನು ಮನೆಯ ಮಾಡಿನ ಮೇಲೆ ನಿಲ್ಲಿಸಿದರೆ ಗಾಳಿ ಚೆನ್ನಾಗಿ ಸಿಗುತ್ತದೆ, ಮಳೆ ಕೈಬಿಡುತ್ತದೆ.

ಈ ನೂರಕ್ಕೆ ಹತ್ತು ಯಾರಿಗೆ ಮುಖ್ಯ ಅಂದರೆ ಕಾಫಿಯವರಿಗೆ. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾಗೆ ಹೂ ಮಳೆ ಬೇಕು. ಮುಕ್ಕಾಲರಿಂದ ಒಂದು ಇಂಚಾದರೂ ಬಿದ್ದರೆ ಹೂವು ಸರಿಯಾಗಿ ಅರಳುತ್ತದೆ. ಅರ್ಧಂಬರ್ಧ ಬಿದ್ದರೆ ಸ್ಪ್ರಿಂಕ್ಲರ್ ಹಾಕಬೇಕಾ ಬೇಡವಾ ಅಂತ ಅವತ್ತೇ ತೀರ್ಮಾನ ಮಾಡಬೇಕು. ಅಲ್ಲಿ 60 ಸೆಂಟ್ಸ್ ಬಿತ್ತಾ, 80 ಸೆಂಟ್ಸ್ ಬಿತ್ತಾ ಅನ್ನೋದರ ಮೇಲೆ ಡೀಸೆಲ್ ಖರ್ಚು ನಿಂತಿರುತ್ತದೆ. ತೋಟದವರು ಇವತ್ತಿಗೂ ಇಂಚು, ಸೆಂಟ್ಸ್‌ನಲ್ಲೇ ಮಾತಾಡುತ್ತಾರೆ. ನೂರು ಸೆಂಟ್ಸ್ ಅಂದರೆ ಒಂದು ಇಂಚು, ಒಂದು ಸೆಂಟ್ ಅಂದರೆ ಕಾಲು ಮಿಲಿಮೀಟರ್ ಅಂತ ಇಟ್ಟುಕೊಂಡರೆ ಲೆಕ್ಕ ಸುಲಭ.

ಎಲೆಕ್ಟ್ರಾನಿಕ್ ಮಳೆಮಾಪಕದ ಒಳಗೆ ಏನಿದೆ ಅಂತ ಒಮ್ಮೆ ಬಿಚ್ಚಿ ನೋಡಿ, ಭಯ ಬೇಡ. ಆಲಿಕೆಯ ಕೆಳಗೆ ಏತದ ಹಾಗೆ ಆಚೆ ಈಚೆ ವಾಲುವ ಎರಡು ಪುಟ್ಟ ದೊನ್ನೆಗಳು. ಒಂದು ತುಂಬಿದ ಕೂಡಲೇ ಅದು ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬಂದು ನಿಲ್ಲುತ್ತದೆ. ದೊನ್ನೆಗೆ ಅಂಟಿಸಿದ ಪುಟ್ಟ ಅಯಸ್ಕಾಂತ ಒಂದು ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ, ಯಂತ್ರ ಅದನ್ನು ಎಣಿಸಿಕೊಳ್ಳುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಒಂದು ಮಗುಚುವಿಕೆಗೆ 0.2 ರಿಂದ 0.3 ಮಿಲಿಮೀಟರ್. ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದು, ಯಂತ್ರವನ್ನು ಮಟ್ಟವಾಗಿ ನಿಲ್ಲಿಸದಿದ್ದರೆ ಒಂದು ದೊನ್ನೆ ಬೇಗ, ಇನ್ನೊಂದು ತಡವಾಗಿ ಮಗುಚುತ್ತದೆ, ಲೆಕ್ಕ ಹಾಳು. ಮೇಸ್ತ್ರಿ ಹತ್ತಿರ ಇರೋ ಸ್ಪಿರಿಟ್ ಲೆವೆಲ್ ತಂದು ಎರಡೂ ದಿಕ್ಕಿಗೆ ಇಟ್ಟು ನೋಡಿ. ಎರಡು, ಆಗುಂಬೆ ಕಡೆಯ ಥರ ಬಿಡದೆ ಹೊಯ್ಯುವ ಮಳೆಯಲ್ಲಿ ಇದು ಸ್ವಲ್ಪ ಹಿಂದೆ ಬೀಳುತ್ತದೆ. ಗಂಟೆಗೆ ನೂರು ಮಿಲಿಮೀಟರ್ ವೇಗದಲ್ಲಿ ಮಳೆ ಬಂದರೆ ದೊನ್ನೆ ಏಳು ಸೆಕೆಂಡಿಗೊಮ್ಮೆ ಮಗುಚಬೇಕು, ಮಗುಚುವ ಆ ಕ್ಷಣದಲ್ಲಿ ಬಿದ್ದ ನೀರು ಪೂರ್ತಿ ಲೆಕ್ಕಕ್ಕೆ ಸಿಗುವುದಿಲ್ಲ.

ಯಂತ್ರ ಸರಿ ಇದೆಯಾ ಅಂತ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಆಲಿಕೆಯ ಬಾಯಿಯ ವ್ಯಾಸವನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ಅದರ ಅರ್ಧವನ್ನು ಆ ಅರ್ಧದಿಂದಲೇ ಗುಣಿಸಿ, ಮತ್ತೆ 3.14 ರಿಂದ ಗುಣಿಸಿ, ಹತ್ತರಿಂದ ಭಾಗಿಸಿ. ಬಂದದ್ದು ಒಂದು ಮಿಲಿಮೀಟರ್ ಮಳೆಗೆ ಬೇಕಾದ ನೀರು, ಮಿಲಿಲೀಟರಿನಲ್ಲಿ. ಬಾಯಿ 20 ಸೆಂಟಿಮೀಟರ್ ಇದ್ದರೆ 31.4 ಮಿಲಿಲೀಟರ್. ಅಂದರೆ 314 ಮಿಲಿಲೀಟರ್ ನೀರು ಹಾಕಿದರೆ ಪರದೆ 10 ಮಿಲಿಮೀಟರ್ ತೋರಿಸಬೇಕು. ಒಂದೇ ಸಲ ಸುರಿಯಬೇಡಿ, ದೊನ್ನೆ ಅಷ್ಟು ವೇಗ ತಡೆಯುವುದಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಗ್ಲೂಕೋಸ್ ಡ್ರಿಪ್ಪಿನ ಪೈಪು ಇದಕ್ಕೆ ಬಹಳ ಚೆನ್ನಾಗಿ ಒದಗುತ್ತದೆ. ಬಾಟಲಿ ಮೇಲೆ ಕಟ್ಟಿ, ಚಕ್ರ ತಿರುಗಿಸಿ, ಹನಿ ಹನಿಯಾಗಿ ಒಂದು ಗಂಟೆ ಬಿಡಿ. 9 ಬಂದರೆ ನಿಮ್ಮ ಯಂತ್ರ ನೂರಕ್ಕೆ ಹತ್ತು ಕಡಿಮೆ ತೋರಿಸುತ್ತಿದೆ ಅಂತ ಅರ್ಥ. ಅನೇಕ ಯಂತ್ರಗಳ ಸೆಟ್ಟಿಂಗಿನಲ್ಲಿ ಇದನ್ನು ತಿದ್ದುವ ಜಾಗ ಇರುತ್ತದೆ. ಪರೀಕ್ಷೆ ಮುಗಿದ ಮೇಲೆ ಆ ದಿನದ ಸುಳ್ಳು ಮಳೆಯನ್ನು ಅಳಿಸೋದು ಮರೆಯಬೇಡಿ!

ನನ್ನ ಕೇಳಿದರೆ, ಎಲೆಕ್ಟ್ರಾನಿಕ್ ಯಂತ್ರ ಎಷ್ಟೇ ಚೆನ್ನಾಗಿರಲಿ, ಪಕ್ಕದಲ್ಲಿ ಕೈಯಲ್ಲಿ ಅಳೆಯುವ ಒಂದು ಮಾಪಕ ಇರಲೇಬೇಕು. ಮಳೆ ಎಷ್ಟು ಹೊತ್ತಿಗೆ ಶುರುವಾಯ್ತು, ಎಷ್ಟು ಜೋರಿತ್ತು ಅನ್ನೋದನ್ನು ಯಂತ್ರ ಹೇಳಲಿ. ಒಟ್ಟು ಎಷ್ಟು ಬಿತ್ತು ಅನ್ನೋದಕ್ಕೆ ಕೈ ಅಳತೆಯೇ ಸಾಕ್ಷಿ.

ಥರ್ಮಾಮೀಟರ್ ಮತ್ತು ನಮ್ಮ ಸೂರ್ಯ

ಉಷ್ಣಾಂಶ ಅಂದರೆ ಗಾಳಿಯ ಉಷ್ಣಾಂಶ, ಬಿಸಿಲಿನದ್ದಲ್ಲ. ಥರ್ಮಾಮೀಟರಿಗೆ ನೇರ ಬಿಸಿಲು ಬಿದ್ದರೆ ಅದು ತನ್ನ ಮೈ ಎಷ್ಟು ಕಾದಿದೆ ಅಂತ ಹೇಳುತ್ತದೆ, ಗಾಳಿಯ ಸುದ್ದಿ ಹೇಳುವುದಿಲ್ಲ. ಇದಕ್ಕಾಗಿಯೇ 1860ರ ದಶಕದಲ್ಲಿ ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ಒಂದು ಬಿಳಿ ಮರದ ಪೆಟ್ಟಿಗೆ ಮಾಡಿದ. ಸುತ್ತಲೂ ಎರಡು ಪದರದ ಓರೆ ಪಟ್ಟಿಗಳು. ಗಾಳಿ ಒಳಗೆ ಹೋಗುತ್ತದೆ, ಬಿಸಿಲು ಹೋಗುವುದಿಲ್ಲ. ಹವಾಮಾನ ಇಲಾಖೆಯ ವೀಕ್ಷಣಾಲಯಗಳಲ್ಲಿ ಈಗಲೂ ಕಾಣುವುದು ಇದೇ ಪೆಟ್ಟಿಗೆ. ನಿಮ್ಮ ಯಂತ್ರದಲ್ಲಿರುವ ಒಂದರ ಮೇಲೊಂದು ಬಿಳಿ ಪ್ಲಾಸ್ಟಿಕ್ ತಟ್ಟೆಗಳು ಅದರದೇ ಸಣ್ಣ ರೂಪ. ಅಗ್ಗದ ಯಂತ್ರಗಳಲ್ಲಿ ತಟ್ಟೆ ಕಡಿಮೆ, ಪ್ಲಾಸ್ಟಿಕ್ ತೆಳು. ಗಾಳಿ ಇಲ್ಲದ ಮಟಮಟ ಮಧ್ಯಾಹ್ನ ಅವು ಎರಡು ಮೂರು ಡಿಗ್ರಿ ಜಾಸ್ತಿ ತೋರಿಸೋದು ಮಾಮೂಲು. ಪಕ್ಕದೂರಲ್ಲಿ 37 ಇದ್ದಾಗ ನಿಮ್ಮ ಮನೆಯಲ್ಲಿ ಮಾತ್ರ 40 ಅಂತ ಬಂದರೆ ವಾಟ್ಸಾಪಿಗೆ ಹಾಕುವ ಮೊದಲು ಈ ಮಾತು ನೆನಪಿರಲಿ.

ಯಂತ್ರದ ಜೊತೆ ಬರುವ ಪುಸ್ತಕದಲ್ಲಿ ಒಂದು ಸಲಹೆ ಇರುತ್ತದೆ: ಮನೆಯ ಉತ್ತರದ ಗೋಡೆ ಕಡೆ ಇಡಿ, ಅಲ್ಲಿ ಬಿಸಿಲು ಬೀಳುವುದಿಲ್ಲ. ಯುರೋಪು, ಅಮೆರಿಕದವರಿಗೆ ಇದು ಸರಿ. ನಮಗೆ ಸರಿ ಹೋಗುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ಮಧ್ಯಾಹ್ನ ನೇರ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಮಕ್ಕಳು ಬಾಟಲಿ ನಿಲ್ಲಿಸಿ ನೋಡುತ್ತಾರಲ್ಲ, ಅದೇ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಕಲಬುರಗಿಯಲ್ಲಿ ಈ ಅವಧಿ ಸ್ವಲ್ಪ ಚಿಕ್ಕದು, ಮೇ ಎರಡನೇ ವಾರದಿಂದ ಆಗಸ್ಟ್ ಶುರುವಿನವರೆಗೆ. ಅಂದರೆ ವರ್ಷದ ಕಡು ಬಿಸಿಲಿನ ಮೇ ತಿಂಗಳಲ್ಲೇ ಉತ್ತರದ ಗೋಡೆ ಬಿಸಿಲು ಕಾಯುತ್ತಿರುತ್ತದೆ. ಹಾಗಾಗಿ ಗೋಡೆಯ ಸಹವಾಸವೇ ಬೇಡ. ಯಾವ ಗೋಡೆಯೂ ಹಗಲು ಹೀರಿದ ಬಿಸಿಯನ್ನು ರಾತ್ರಿ ಬಿಡುತ್ತಾ ಇರುತ್ತದೆ, ಪಕ್ಕದಲ್ಲಿದ್ದರೆ ರಾತ್ರಿಯ ಕನಿಷ್ಠ ಉಷ್ಣಾಂಶವೂ ಜಾಸ್ತಿ ಬರುತ್ತದೆ.

ಸರಿಯಾದ ಜಾಗ ಯಾವುದು ಅಂದರೆ ಬಯಲಲ್ಲಿ, ಹುಲ್ಲು ಅಥವಾ ಮಣ್ಣಿನ ಮೇಲೆ, ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ. ನೆರಳಿಗಾಗಿ ಮರದ ಕೆಳಗೆ ಇಡಬೇಕು ಅಂತ ಅನ್ನಿಸುತ್ತದೆ, ಇಡಬೇಡಿ. ಮರದ ಕೆಳಗಿನ ಗಾಳಿಯ ತಂಪು, ತೇವ ಎರಡೂ ಬೇರೆ. ನೆರಳು ಕೊಡೋದು ತಟ್ಟೆಗಳ ಕೆಲಸ, ಮರದ್ದಲ್ಲ. ಅಡಿಕೆ ತೋಟದ ಒಳಗಿನ ಉಷ್ಣಾಂಶವೇ ಬೇಕು ಅಂದರೆ ಅದು ಬೇರೆ ಮಾತು, ಆಗ ತೋಟದೊಳಗೇ ಇಡಿ. ಆದರೆ ಅದನ್ನು ಊರಿನ ಉಷ್ಣಾಂಶ ಅಂತ ಕರೆಯಬೇಡಿ.

ತೇವಾಂಶದ ಸೆನ್ಸರ್ ಇದೇ ಗೂಡಿನಲ್ಲಿರುತ್ತದೆ. ಮಲೆನಾಡಿನ ಜುಲೈನಲ್ಲಿ ಅದು ವಾರಗಟ್ಟಲೆ 99ರಲ್ಲೇ ಕೂತಿರುತ್ತದೆ, ಅದರಲ್ಲಿ ತಪ್ಪೇನಿಲ್ಲ, ಹೊರಗೆ ಹಾಗೇ ಇರುತ್ತದೆ. ಆದರೆ ಹಾಗೆ ನೆನೆದು ನೆನೆದು ಸೆನ್ಸರ್ ನಿಧಾನಕ್ಕೆ ದಾರಿ ತಪ್ಪುತ್ತದೆ. ಪರೀಕ್ಷೆ ಬೇಕಾದರೆ ಅಡುಗೆ ಉಪ್ಪು ಸಾಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗದೆ ಗೊಜ್ಜಿನಂತೆ ಆಗುವಷ್ಟು ಮಾತ್ರ ನೀರು ಹಾಕಿ. ಅದನ್ನೂ ಸೆನ್ಸರನ್ನೂ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಂದು ರಾತ್ರಿ ಬಿಡಿ. ಒಳಗಿನ ತೇವಾಂಶ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಸೆನ್ಸರ್ ಎಷ್ಟು ಹೇಳುತ್ತದೆ ನೋಡಿ, ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಸೆನ್ಸರಿಗೆ ಉಪ್ಪುನೀರು ಮಾತ್ರ ತಾಗಬಾರದು.

ಗಾಳಿ

ಇದರ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಹವಾಮಾನದವರು ಹೇಳುವ ಗಾಳಿಯ ವೇಗ ಬಯಲಿನಲ್ಲಿ, ಹತ್ತು ಮೀಟರ್ ಎತ್ತರದಲ್ಲಿ ಅಳೆದದ್ದು, ಸುತ್ತಲಿನ ಅಡ್ಡಿಗಳಿಂದ ಅವುಗಳ ಎತ್ತರದ ಹತ್ತು ಪಟ್ಟು ದೂರದಲ್ಲಿ. ಮನೆಯಲ್ಲಿ ಇದು ಯಾರಿಗೂ ಸಿಗುವುದಿಲ್ಲ. ಖಾಲಿ ಬಯಲಿನಲ್ಲೇ ಎರಡು ಮೀಟರ್ ಎತ್ತರದಲ್ಲಿ ಅಳೆದರೆ ಹತ್ತು ಮೀಟರಿನ ವೇಗದ ಮುಕ್ಕಾಲು ಪಾಲು ಮಾತ್ರ ಬರುತ್ತದೆ. ಮನೆ, ಮರಗಳ ನಡುವೆ ಇನ್ನೂ ಕಡಿಮೆ, ದಿಕ್ಕಂತೂ ಸುತ್ತಿ ಸುತ್ತಿ ಏನೇನೋ ತೋರಿಸುತ್ತದೆ. ಗಾಳಿಮಾಪಕವನ್ನು ಬೇರೆ ಇಡಲು ಬಂದರೆ ಮಾಡಿನ ತುದಿಗಿಂತ ಎರಡು ಮೂರು ಮೀಟರ್ ಮೇಲೆ ಹೋಗುವ ಹಾಗೆ ಒಂದೂವರೆ ಇಂಚಿನ ಜಿಐ ಪೈಪು ಹಾಕಿ, ಮೂರು ಕಡೆಗೆ ತಂತಿ ಎಳೆದು ಕಟ್ಟಿ. ದಿಕ್ಕು ಹೊಂದಿಸಲು ಮೊಬೈಲಿನ ದಿಕ್ಸೂಚಿ ಸಾಕು. ನಮ್ಮ ಕಡೆ ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿ ಅಷ್ಟೇ ವ್ಯತ್ಯಾಸ. ಆದರೆ ಮೊಬೈಲನ್ನು ಕಬ್ಬಿಣದ ಪೈಪಿಗೆ ತಾಗಿಸಿ ಹಿಡಿದು ನೋಡಬೇಡಿ.

ಕರೆಂಟ್ ಲೈನ್ ಹತ್ತಿರ ಇದ್ದರೆ ಈ ಆಲೋಚನೆಯನ್ನೇ ಬಿಡಿ. ಪೈಪು ವಾಲಿದರೆ ಲೈನಿಗೆ ತಾಗಬಾರದು, ಅಷ್ಟು ದೂರ ಬೇಕು. ಮನೆಗಿಂತ ಎತ್ತರದ ಕಬ್ಬಿಣದ ಕಂಬಕ್ಕೆ ಅರ್ಥಿಂಗ್ ಮಾಡಿಸಬೇಕು, ಅದನ್ನು ಗೊತ್ತಿರುವ ಎಲೆಕ್ಟ್ರಿಷಿಯನ್ ಹತ್ತಿರವೇ ಮಾಡಿಸಿ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಯಲ್ಲಿ ಕಂಬದ ಹತ್ತಿರ ಸುಳಿಯಬೇಡಿ.

ಒತ್ತಡ: ಜಾಗದ ಚಿಂತೆ ಇಲ್ಲ, ಅರ್ಥದ ಚಿಂತೆ ಇದೆ

ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರೋದು ಮನೆಯೊಳಗಿನ ಪರದೆಯ ಡಬ್ಬಿಯಲ್ಲಿ. ಒಳಗೂ ಹೊರಗೂ ಒತ್ತಡ ಒಂದೇ, ಎಲ್ಲಿಟ್ಟರೂ ನಡೆಯುತ್ತದೆ. ಬೇಕಾದದ್ದು ನಿಮ್ಮ ಊರಿನ ಎತ್ತರ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಹಾಗಾಗಿ ಅಲ್ಲಿ ನಿಜವಾಗಿ ಇರೋ ಒತ್ತಡ 910 ಹೆಕ್ಟೊಪಾಸ್ಕಲ್ (ಒತ್ತಡ ಅಳೆಯುವ ಮಾನ) ಆಸುಪಾಸು. ಮಂಗಳೂರಿನಲ್ಲಿ ಅದು ಸಾವಿರದ ಮೇಲೆ. ಊರೂರು ಹೋಲಿಸಲು ಆಗಲಿ ಅಂತ ಎಲ್ಲರೂ ಸಮುದ್ರ ಮಟ್ಟಕ್ಕೆ ಲೆಕ್ಕ ಹಾಕಿ ಹೇಳುತ್ತಾರೆ. ಸಮುದ್ರ ಮಟ್ಟದಲ್ಲಿ ಒತ್ತಡ ಅಷ್ಟು ಇಳಿಯೋದು ಭಾರೀ ಚಂಡಮಾರುತದಲ್ಲಿ ಮಾತ್ರ, ಹಾಗಾಗಿ ಸೆಟ್ಟಿಂಗಿನಲ್ಲಿ ಎತ್ತರ ಹಾಕದಿದ್ದರೆ ನಿಮ್ಮ ಬೆಂಗಳೂರಿನ ಮನೆಯಲ್ಲಿ ದಿನಾ ಚಂಡಮಾರುತ! ಎಂಟೊಂಬತ್ತು ಮೀಟರಿಗೆ ಒಂದು ಹೆಕ್ಟೊಪಾಸ್ಕಲ್ ವ್ಯತ್ಯಾಸ ಬರುವುದರಿಂದ ಅಪಾರ್ಟ್‌ಮೆಂಟಿನ ಹತ್ತನೇ ಮಹಡಿಯವರು ಕಟ್ಟಡದ ಎತ್ತರವನ್ನೂ ಸೇರಿಸಿಕೊಳ್ಳಬೇಕು.

ಇನ್ನೊಂದು ವಿಷಯ. ನಮ್ಮಂಥ ಉಷ್ಣವಲಯದ ಊರುಗಳಲ್ಲಿ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ಹತ್ತಕ್ಕೂ ರಾತ್ರಿ ಹತ್ತಕ್ಕೂ ಜಾಸ್ತಿ, ಬೆಳಗಿನ ಜಾವ ನಾಲ್ಕಕ್ಕೂ ಸಂಜೆ ನಾಲ್ಕಕ್ಕೂ ಕಡಿಮೆ. ಮೂರು ನಾಲ್ಕು ಹೆಕ್ಟೊಪಾಸ್ಕಲ್ ಆಚೀಚೆ. ಪರದೆಯ ಮೇಲಿನ ಮೋಡ, ಸೂರ್ಯನ ಚಿತ್ರಗಳು ಬಹುಪಾಲು ಒತ್ತಡ ಇಳಿಯಿತಾ ಏರಿತಾ ಅಂತ ನೋಡಿ ಬರುವಂಥವು. ತಂಪು ದೇಶಗಳಲ್ಲಿ ಮಳೆ ಬರುವ ಮೊದಲು ಒತ್ತಡ ಚೆನ್ನಾಗಿ ಇಳಿಯುತ್ತದೆ, ಅಲ್ಲಿಗೆ ಆ ಲೆಕ್ಕ ಸರಿ. ಇಲ್ಲಿ ಮಧ್ಯಾಹ್ನದ ಮಾಮೂಲಿ ಇಳಿತವನ್ನೇ ಮಳೆ ಬರುತ್ತದೆ ಅಂತ ಅದು ತಿಳಿದುಕೊಳ್ಳಬಹುದು, ಸಂಜೆ ನಿಜವಾಗಿ ಗುಡುಗಿನ ಮಳೆ ಬರುವ ಮೊದಲು ಬಿಸಿಲು ತೋರಿಸಲೂಬಹುದು. ಆ ಚಿತ್ರ ನೋಡಿ ಬಟ್ಟೆ ಒಣಗಹಾಕಬೇಡಿ.

ತಾರಸಿ ಬಿಟ್ಟರೆ ಬೇರೆ ಜಾಗವೇ ಇಲ್ಲದವರಿಗೆ

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಹೆಚ್ಚಿನವರ ಕಥೆ ಇದೇ ಅಲ್ವಾ. ಕಾಂಕ್ರೀಟ್ ತಾರಸಿ, ಸುತ್ತ ಮೂರಡಿ ಪ್ಯಾರಾಪೆಟ್, ಒಂದು ಮೂಲೆಯಲ್ಲಿ ನೀರಿನ ಟ್ಯಾಂಕು, ಇನ್ನೊಂದು ಮೂಲೆಯಲ್ಲಿ ಸೋಲಾರ್ ವಾಟರ್ ಹೀಟರ್. ಇಲ್ಲಿ ಮಳೆಯನ್ನು ತಕ್ಕಮಟ್ಟಿಗೆ ಚೆನ್ನಾಗಿಯೇ ಅಳೆಯಬಹುದು. ಮಳೆಮಾಪಕವನ್ನು ಬೇರೆ ತೆಗೆದು ತಾರಸಿಯ ನಡುವೆ, ಇಟ್ಟಿಗೆ ಜೋಡಿಸಿದ ಗಟ್ಟಿ ಪೀಠದ ಮೇಲೆ, ಬಾಯಿ ಪ್ಯಾರಾಪೆಟ್ಟಿಗಿಂತ ತುಸು ಕೆಳಗಿರುವ ಹಾಗೆ ಇಡಿ. ಆಗ ಪ್ಯಾರಾಪೆಟ್ಟೇ ಗಾಳಿಗೆ ತಡೆಯಾಗುತ್ತದೆ. ಟ್ಯಾಂಕಿನಿಂದ ಮಾತ್ರ ಎರಡು ಪಟ್ಟಿನ ಲೆಕ್ಕ ಬಿಡಬೇಡಿ. ಸಿಮೆಂಟಿನಿಂದ ಹನಿ ಚಿಮ್ಮದಿರಲು ಪೀಠದ ಸುತ್ತ ಕೃತಕ ಹುಲ್ಲಿನ ಚಾಪೆಯೋ ತೆಂಗಿನ ನಾರಿನ ಚಾಪೆಯೋ ಹಾಸಬಹುದು. ಪ್ಯಾರಾಪೆಟ್ಟಿನ ಅಂಚಿಗೇ ಕ್ಲಾಂಪ್ ಹಾಕಿ ಕೂರಿಸೋದು ಎಲ್ಲರೂ ಮಾಡುವ ಕೆಲಸ, ಮಳೆಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಗೋಡೆಗೆ ಬಡಿದ ಗಾಳಿ ಸೀದಾ ಮೇಲೆದ್ದು ಬರೋದು ಅಲ್ಲೇ.

ಥರ್ಮಾಮೀಟರನ್ನು ತಾರಸಿಯ ನೆಲದಿಂದ ಎರಡು ಮೀಟರಾದರೂ ಮೇಲೆ, ಎಸಿಯ ಹೊರಘಟಕ ಮತ್ತು ಹೀಟರಿನಿಂದ ದೂರ ಇಡಿ. ತಾರಸಿಗೆ ಬಿಳಿ ಬಣ್ಣ ಬಳಿದಿದ್ದರೆ ಇನ್ನೂ ಒಳ್ಳೆಯದು. ಇಷ್ಟಾದರೂ ಕಾಂಕ್ರೀಟಿನ ಪ್ರಭಾವ ಪೂರ್ತಿ ಹೋಗುವುದಿಲ್ಲ. ನೀವು ಅಳೆಯುತ್ತಿರೋದು ನಿಮ್ಮ ತಾರಸಿಯ ಹವೆಯನ್ನು, ಬಡಾವಣೆಯದ್ದಲ್ಲ. ರಾತ್ರಿ ಮಲಗುವ ಕೋಣೆ ಯಾಕೆ ಕಾದಿರುತ್ತದೆ ಅಂತ ತಿಳಿಯಲು ಅದೂ ಉಪಯೋಗಕ್ಕೆ ಬರುತ್ತದೆ ಅನ್ನಿ.

ಸಿಗ್ನಲ್ ಬಗ್ಗೆ ಒಂದು ಮಾತು. ಡಬ್ಬಿಯ ಮೇಲೆ ನೂರು ಮೀಟರ್ ಅಂತ ಬರೆದಿರುತ್ತದೆ, ಅದು ಬಯಲಿನ ಲೆಕ್ಕ. ದಪ್ಪ ಕೆಂಪುಕಲ್ಲಿನ ಗೋಡೆ, ಆರ್‌ಸಿಸಿ, ತಗಡಿನ ಮಾಡು ಇವೆಲ್ಲ ಸಿಗ್ನಲ್ ನುಂಗುತ್ತವೆ. ಕಂಬ ನೆಡುವ ಮೊದಲು ಯಂತ್ರವನ್ನು ಅದೇ ಜಾಗದಲ್ಲಿ ಸ್ಟೂಲಿನ ಮೇಲೆ ಒಂದು ದಿನ ಇಟ್ಟು ನೋಡಿ. ವೈಫೈ ಮಾದರಿಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್‌ಗೆ ಮಾತ್ರ ಸೇರಿಕೊಳ್ಳುತ್ತವೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ರೂಟರ್ ಆಫ್ ಆಗುತ್ತದೆ, ಭಾರೀ ಮಳೆ ಬರೋದೂ ಆಗಲೇ. ಬ್ಯಾಟರಿ ಮೇಲೆ ನಡೆದು ಡೇಟಾವನ್ನು ತನ್ನಲ್ಲೇ ಉಳಿಸಿಕೊಳ್ಳುವ ಪರದೆ ಇರೋ ಮಾದರಿ ಆರಿಸಿ.

ಪೇಪರಿನ ಮಳೆಗೂ ನಮ್ಮ ಮಳೆಗೂ ತಾಳೆ ಆಗ್ತಿಲ್ಲ!

ಹೊಸದಾಗಿ ಯಂತ್ರ ಹಾಕಿದವರೆಲ್ಲ ಕೇಳುವ ಪ್ರಶ್ನೆ ಇದು. ಮೊದಲ ಕಾರಣ ಗಡಿಯಾರ. ಹವಾಮಾನ ಇಲಾಖೆಗೆ ಮಳೆಯ ದಿನ ಮುಗಿಯೋದು ಬೆಳಿಗ್ಗೆ 8.30ಕ್ಕೆ. ನಿನ್ನೆ 8.30 ರಿಂದ ಇವತ್ತು 8.30ರವರೆಗೆ ಬಿದ್ದದ್ದು ಇವತ್ತಿನ ಲೆಕ್ಕ. ನಿಮ್ಮ ಪರದೆ ಮಧ್ಯರಾತ್ರಿ ಸೊನ್ನೆಗೆ ಹೋಗುತ್ತದೆ. ರಾತ್ರಿ ಹತ್ತರಿಂದ ಬೆಳಗಿನ ಜಾವದವರೆಗೆ 80 ಮಿಲಿಮೀಟರ್ ಹೊಯ್ದಿದ್ದರೆ ಇಲಾಖೆಯ ಪಟ್ಟಿಯಲ್ಲಿ ಅದು ಒಂದೇ ದಿನದ ಭಾರೀ ಮಳೆ, ಯಾಕಂದರೆ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ ಅಂತಲೇ ಲೆಕ್ಕ. ನಿಮ್ಮ ಪರದೆಯಲ್ಲಿ ಅದು ಎರಡು ದಿನಕ್ಕೆ ಹಂಚಿಹೋಗಿ ಎರಡೂ ದಿನ ಸಾಧಾರಣ ಮಳೆ. ಕೈ ಮಾಪಕವನ್ನು ದಿನಾ ಬೆಳಿಗ್ಗೆ 8.30ಕ್ಕೇ ಅಳೆಯುವ ರೂಢಿ ಮಾಡಿಕೊಂಡರೆ ಈ ಗೊಂದಲ ಇರುವುದಿಲ್ಲ.

ಎರಡನೇ ಕಾರಣ ಮಳೆಯೇ. ಗುಡುಗಿನ ಮಳೆ ಒಂದು ಬಡಾವಣೆಗೆ ಬಂದು ಪಕ್ಕದ್ದನ್ನು ಬಿಡುತ್ತದೆ. ಇದಕ್ಕೆ ನಮ್ಮ ರಾಜ್ಯದಲ್ಲಿ ಒಂದು ಅನುಕೂಲ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟಕ್ಕೆ ತಾನೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ಹಾಕಿದೆ, 6,500ಕ್ಕೂ ಹೆಚ್ಚು. ಪೇಪರಿನಲ್ಲಿ ಬರುವ ಜಿಲ್ಲಾ ಕೇಂದ್ರದ ಮಳೆಗಿಂತ ನಿಮ್ಮ ಪಂಚಾಯಿತಿಯ ಲೆಕ್ಕದ ಜೊತೆ ಹೋಲಿಸಿ. ಒಂದು ದಿನದ್ದಲ್ಲ, ಇಡೀ ಜೂನ್ ತಿಂಗಳದ್ದು. ದಿನದ ಲೆಕ್ಕ ಆಚೀಚೆ ಆಗೋದು ಸಹಜ. ತಿಂಗಳ ಮೊತ್ತವೂ ಯಾವಾಗಲೂ ನೂರಕ್ಕೆ ಇಪ್ಪತ್ತು ಕಡಿಮೆಯೇ ಬರುತ್ತಿದ್ದರೆ ನಿಮ್ಮ ಜಾಗದ ಮೇಲೆ ಅನುಮಾನ ಪಡಿ.

ಬರೆದಿಡುವಾಗ ತಿಂಗಳ ಲೆಕ್ಕದ ಪಕ್ಕ ನಕ್ಷತ್ರದ ಲೆಕ್ಕವನ್ನೂ ಇಡಿ. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಊರಲ್ಲಿ ಹಿರಿಯರು ‘ಈ ಸಲ ಆರಿದ್ರಾ ಕೈಕೊಟ್ಟಿತು’ ಅಂದಾಗ ನಿಮ್ಮ ಹತ್ತಿರ ಅಂಕಿ ಇರುತ್ತದೆ, ಮಾತು ಮುಂದುವರಿಯುತ್ತದೆ. ಮತ್ತೆ, ಯಂತ್ರ ನಿಂತ ಜಾಗದಿಂದ ನಾಲ್ಕು ದಿಕ್ಕಿಗೂ ಒಂದೊಂದು ಫೋಟೋ ತೆಗೆದು ತಾರೀಕು ಹಾಕಿ ಇಟ್ಟುಕೊಳ್ಳಿ. ಕಾಫಿ ತೋಟದಲ್ಲಿ ನೆರಳಿಗೆ ನೆಡುವ ಸಿಲ್ವರ್ ಮರ ಐದು ವರ್ಷದಲ್ಲಿ ಎಷ್ಟು ಎತ್ತರ ಹೋಗುತ್ತದೆ ಅಂತ ತೋಟದವರಿಗೆ ಹೇಳಬೇಕಾಗಿಲ್ಲ. ಮಳೆ ಕಡಿಮೆಯಾಗಿದೆಯಾ, ಮರ ಬೆಳೆದಿದೆಯಾ ಅನ್ನೋದು ಆ ಫೋಟೋ ನೋಡಿದರೆ ತಿಳಿಯುತ್ತದೆ.

ಉಳಿದದ್ದು ಕಾವಲು. ಆಲಿಕೆಗೆ ಎಲೆ, ಹೂವಿನ ಎಸಳು, ಹಕ್ಕಿಯ ಹಿಕ್ಕೆ ಬಿದ್ದು ತೂತು ಕಟ್ಟುತ್ತದೆ. ಹೊರಗೆ ಮಳೆ ಸುರಿಯುತ್ತಿರುತ್ತದೆ, ಪರದೆಯಲ್ಲಿ ಸೊನ್ನೆ. ಮಳೆ ನಿಂತ ಮೇಲೂ ಗಂಟೆಗಟ್ಟಲೆ ಸಣ್ಣಗೆ ಮಳೆ ತೋರಿಸುತ್ತಿದ್ದರೂ ಕಾರಣ ಇದೇ, ಕಟ್ಟಿದ ತೂತಿನಿಂದ ನೀರು ಜಿನುಗುತ್ತಿರುತ್ತದೆ. ದೊನ್ನೆಯ ಕೆಳಗೆ ಜೇಡ ಬಲೆ ಕಟ್ಟುತ್ತದೆ, ತಟ್ಟೆಗಳ ಸಂದಿಯಲ್ಲಿ ಕಣಜ ಗೂಡು ಮಾಡುತ್ತದೆ, ಮಲೆನಾಡಿನಲ್ಲಿ ಎಲ್ಲದರ ಮೇಲೂ ಪಾಚಿ ಬೆಳೆಯುತ್ತದೆ. ಬಿಳಿ ತಟ್ಟೆ ಹಸಿರಾದರೆ ಬಿಸಿಲು ಹೀರುತ್ತದೆ, ಸೋಪಿನ ನೀರಿನಲ್ಲಿ ಒರೆಸಿ. ಕಾಗೆ, ಪಾರಿವಾಳ ಕೂರದಂತೆ ಆಲಿಕೆಯ ಸುತ್ತ ಪ್ಲಾಸ್ಟಿಕ್ ಕೇಬಲ್ ಟೈಗಳನ್ನು ಬಾಲ ಮೇಲಾಗಿ ನಿಲ್ಲಿಸಿ ಕಟ್ಟಬಹುದು. ಮಂಗಗಳಿಗೆ ಇದೆಲ್ಲ ಲೆಕ್ಕಕ್ಕಿಲ್ಲ. ಅವು ಓಡಾಡುವ ದಾರಿಯಿಂದ, ಮಾಡಿನಿಂದ, ಕೊಂಬೆಯಿಂದ ಒಂದು ನೆಗೆತಕ್ಕೆ ಸಿಗದಷ್ಟು ದೂರ ಕಂಬ ನೆಡೋದೊಂದೇ ದಾರಿ, ಮಳೆಮಾಪಕದ ನಿಯಮವೂ ಅದನ್ನೇ ಕೇಳುತ್ತದೆ. ಬ್ಯಾಟರಿಯನ್ನು ಮೇ ಕೊನೆಯಲ್ಲೇ ಬದಲಿಸಿಬಿಡಿ, ಜುಲೈನಲ್ಲಿ ಜಾರುವ ಏಣಿ ಹತ್ತೋದು ಬೇಡ.